ಸರಕು ಗಾಡಿಯ ಟೈರು: ಉಳಿತಾಯದ ಒಂದು ಇತಿಹಾಸ

ಸರಕು ಸಾಗಿಸುವ ವಾಹನದ ಲೆಕ್ಕದ ಪುಸ್ತಕದಲ್ಲಿ ಡೀಸೆಲ್ಲಿನ ಬೆನ್ನಿಗೇ ಬರುವ ದೊಡ್ಡ ಖರ್ಚುಗಳಲ್ಲಿ ಟೈರು ಒಂದು. ಡೀಸೆಲ್ಲಿಗೆ ದಿನದಿನವೂ ಅಷ್ಟಿಷ್ಟು ದುಡ್ಡು ಹೋಗುತ್ತದೆ. ಟೈರಿನ ಖರ್ಚು ಹಾಗಲ್ಲ. ಎರಡೋ ಮೂರೋ ವರ್ಷಕ್ಕೊಮ್ಮೆ ಒಂದೇ ಗಂಟಾಗಿ ಬರುತ್ತದೆ, ಅದೂ ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲೇ. ಹೀಗಾಗಿ ಒಂದೇ ಗಾಡಿಯಿಟ್ಟು ಬದುಕುವ ಪಿಕಪ್ ಮಾಲೀಕನಿಂದ ಸಾವಿರಾರು ಬಸ್ಸುಗಳಿರುವ ಸಾರಿಗೆ ನಿಗಮದವರೆಗೆ ಎಲ್ಲರೂ ಟೈರಿನಲ್ಲಿ ಹಣ ಉಳಿಸುವ ದಾರಿ ಹುಡುಕುತ್ತ ಬಂದಿದ್ದಾರೆ. ಆ ಹುಡುಕಾಟಕ್ಕೆ ನೂರು ವರ್ಷ ದಾಟಿದೆ. ಅದರ ಉದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ರುಜುವಾತಾಗಿದೆ: ಅಂಗಡಿಯಲ್ಲಿ ಕೊಡುವ ಬೆಲೆಗಿಂತ ಆ ಟೈರು ಓಡುವ ಪ್ರತಿ ಕಿಲೋಮೀಟರಿಗೆ ಬೀಳುವ ಪೈಸೆಯೇ ಟೈರಿನ ನಿಜವಾದ ಬೆಲೆ. ಆ ಪೈಸೆಯನ್ನು ತಗ್ಗಿಸಿದ್ದು ಕಣ್ಣಿಗೆ ಕಾಣುವ ಹೊರಮೈಗಿಂತ ಹೆಚ್ಚಾಗಿ ಅದರಡಿ ಅಡಗಿರುವ ನೂಲು, ತಂತಿಗಳ ಒಡಲು. ಟೈರಿನ ಕಸುಬಿನವರು ಅದನ್ನು ಕೇಸಿಂಗ್ ಎನ್ನುತ್ತಾರೆ.

ಗಾಳಿ ತುಂಬಿದ ಟೈರು ಎರಡು ಸಲ ಹುಟ್ಟಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ. ರಬ್ಬರಿನ ತೆಳುವಾದ ಕೊಳವೆಗೆ ಚರ್ಮದ ಹೊದಿಕೆ ಹೊಲಿದ ಆ ಚಕ್ರಗಳ ಒಂದು ಜೋಡಣೆ ಸುಮಾರು 1,200 ಮೈಲಿ ಬಾಳಿತು. ಆದರೆ ಬೆಲೆ ಕೈಗೆಟುಕದಷ್ಟಿತ್ತು, ಅಷ್ಟು ಖರ್ಚು ಮಾಡಿಸುವಂಥ ವಾಹನವೂ ಆಗ ಇರಲಿಲ್ಲ. ಜನ ಅದನ್ನು ಮರೆತರು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಅದೇ ಉಪಾಯವನ್ನು ತಾನೇ ಹೊಸದಾಗಿ ಕಂಡುಕೊಂಡ. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋದರೂ ಸೈಕಲ್ಲಿನ ಭರಾಟೆಯಲ್ಲಿ ಅವನ ಹೆಸರಿನ ವ್ಯಾಪಾರ ಬೆಳೆಯಿತು. ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ಸುಲಭವಾಗಿ ಬಿಚ್ಚಿ ಹಾಕಬಲ್ಲ ಟೈರು ತಂದರು. ಉಳಿತಾಯದ ಕಡೆಯಿಂದ ನೋಡಿದರೆ ಇದು ಡನ್‌ಲಪ್‌ನ ಸಾಧನೆಗಿಂತ ಕಡಿಮೆಯದಲ್ಲ. ಚಕ್ರಕ್ಕೆ ಅಂಟಿಸಿದ್ದ ಟೈರು ಪಂಚರ್ ಆದರೆ ರಿಪೇರಿಗೆ ಇಡೀ ದಿನ ಹಿಡಿಯುತ್ತಿತ್ತು. ಬಿಚ್ಚಲು ಬರುವ ಟೈರನ್ನು ದಾರಿಯ ಬದಿಯಲ್ಲೇ ಸರಿಮಾಡಿಕೊಳ್ಳಬಹುದಿತ್ತು.

ಆ ಕಾಲದ ಟೈರುಗಳ ಬಣ್ಣ ಕಪ್ಪಲ್ಲ. ಸತುವಿನ ಆಕ್ಸೈಡ್ ಬೆರೆಸಿದ ರಬ್ಬರು ಮಾಸಲು ಬಿಳಿಯಾಗಿರುತ್ತಿತ್ತು, ಕೆಲವೇ ಸಾವಿರ ಮೈಲಿಗಳಲ್ಲಿ ಸವೆದುಹೋಗುತ್ತಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು, ನುಣ್ಣನೆಯ ಮಸಿ ಬೆರೆಸಿದರೆ ರಬ್ಬರು ಬಲಗೊಳ್ಳುತ್ತದೆ ಎಂದು ತೋರಿಸಿದವು. 1910ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಕಾರ್ಬನ್ ಬ್ಲ್ಯಾಕ್ ಎಂಬ ಆ ಮಸಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸತೊಡಗಿದವು. ಟೈರಿನ ಮೇಲ್ಮೈಯ ಆಯಸ್ಸು ಹಲವು ಪಟ್ಟು ಹೆಚ್ಚಿತು. ಒಳಗಿನ ಬಟ್ಟೆಯೂ ಅದೇ ಹೊತ್ತಿಗೆ ಬದಲಾಯಿತು. ಮೊದಲು ಹಾಸು ಹೊಕ್ಕಾಗಿ ನೇಯ್ದ ಹತ್ತಿಯ ದಪ್ಪ ಬಟ್ಟೆ ಇರುತ್ತಿತ್ತು. ಚಕ್ರ ಉರುಳುವಾಗ ಅದರ ಎಳೆಗಳು ಒಂದಕ್ಕೊಂದು ಉಜ್ಜಿ ತಾವೇ ಕತ್ತರಿಸಿಹೋಗುತ್ತಿದ್ದವು. ಎಳೆಗಳನ್ನು ಹೆಣೆಯದೆ ಒಂದರ ಪಕ್ಕ ಒಂದನ್ನು ಮಲಗಿಸಿ, ನಡುವೆ ರಬ್ಬರು ತುಂಬಿ, ಪದರದ ಮೇಲೆ ಪದರವನ್ನು ಓರೆಯಾಗಿ ಅಡ್ಡಡ್ಡ ಇಡುವ ಕ್ರಮ ಬಂದಮೇಲೆ ಒಡಲು ಗಟ್ಟಿಯಾಯಿತು. ಮೇಲ್ಮೈ ಸವೆದರೂ ಒಡಲು ಉಳಿಯುವ ಕಾಲ ಶುರುವಾದದ್ದು ಹೀಗೆ.

ಲಾರಿಗಳು ಗಾಳಿ ಟೈರನ್ನು ನಂಬಲು ಇನ್ನಷ್ಟು ಕಾಲ ಬೇಕಾಯಿತು. ಮೊದಲ ಮಹಾಯುದ್ಧದವರೆಗೂ ಲಾರಿಗಳ ಚಕ್ರಕ್ಕೆ ಗಟ್ಟಿ ರಬ್ಬರಿನ ಬಳೆಯನ್ನೇ ತೊಡಿಸುತ್ತಿದ್ದರು. ಪಂಚರಿನ ಭಯವಿಲ್ಲ ನಿಜ. ಆದರೆ ವೇಗ ಸಿಗುತ್ತಿರಲಿಲ್ಲ, ಸರಕು ಕುಲುಕಿ ಹಾಳಾಗುತ್ತಿತ್ತು, ಗಾಡಿಯ ಬಿಡಿಭಾಗಗಳೂ ರಸ್ತೆಯೂ ಬೇಗ ಕೆಡುತ್ತಿದ್ದವು. ಗುಡ್‌ಇಯರ್ ಕಂಪನಿ 1917ರಲ್ಲಿ ಒಂದು ಪ್ಯಾಕರ್ಡ್ ಲಾರಿಗೆ ಗಾಳಿ ಟೈರು ಹಾಕಿ, ಓಹಾಯೋ ರಾಜ್ಯದ ಏಕ್ರನ್ನಿನಿಂದ ಬಾಸ್ಟನ್ನಿಗೆ ಕಳಿಸಿತು. ಕೆಸರು ದಾರಿ, ಕುಸಿದ ಸೇತುವೆ, ಒಡೆದ ಟೈರುಗಳ ನಡುವೆ ಆ ಮೊದಲ ಪಯಣಕ್ಕೆ ಮೂರು ವಾರದಷ್ಟು ಹಿಡಿಯಿತು. ಕಂಪನಿ ಕೈಬಿಡದೆ ಅದೇ ದಾರಿಯಲ್ಲಿ ಲಾರಿಗಳನ್ನು ಓಡಿಸುತ್ತ ಹೋಯಿತು. ಕೆಲವೇ ವರ್ಷಗಳಲ್ಲಿ ಗಟ್ಟಿ ರಬ್ಬರು ಮೂಲೆ ಸೇರಿತು. ಫೋರ್ಡ್ ಕಂಪನಿ 1925ರ ಏಪ್ರಿಲಿನಲ್ಲಿ ಮಾಡೆಲ್ ಟಿ ಕಾರಿನ ಹಿಂಬದಿಗೆ ಕಾರ್ಖಾನೆಯಲ್ಲೇ ಸರಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿದಾಗ ಆ ಪಿಕಪ್ ಗಾಳಿ ಟೈರಿನ ಮೇಲೆಯೇ ನಿಂತಿತ್ತು. ರೈತನೂ ಸಣ್ಣ ವ್ಯಾಪಾರಿಯೂ ಟೈರಿನ ಗಿರಾಕಿಗಳಾದರು.

ಅದೇ ಕಾಲದಲ್ಲಿ ರಬ್ಬರಿನ ಬೆಲೆಯೂ ರಾಜಕಾರಣದ ಕೈಗೆ ಸಿಕ್ಕಿತು. ಹೆನ್ರಿ ವಿಕ್‌ಹ್ಯಾಮ್ 1876ರಲ್ಲಿ ಬ್ರೆಜಿಲಿನಿಂದ ಸಾಗಿಸಿದ ಸುಮಾರು 70,000 ಬೀಜಗಳಿಂದ ಏಷ್ಯಾದ ರಬ್ಬರ್ ತೋಟಗಳು ಬೆಳೆದವು. ಮಲಯಾ, ಸಿಲೋನುಗಳ ತೋಟಗಳಿಂದ ಜಗತ್ತಿನ ರಬ್ಬರಿನ ದೊಡ್ಡ ಪಾಲು ಬ್ರಿಟಿಷರ ಹಿಡಿತಕ್ಕೆ ಬಂದಿತ್ತು. ಬೆಲೆ ಕುಸಿದಾಗ 1922ರಲ್ಲಿ ಅವರು ಸ್ಟೀವನ್‌ಸನ್ ಯೋಜನೆಯ ಹೆಸರಿನಲ್ಲಿ ರಫ್ತಿಗೆ ಮಿತಿ ಹಾಕಿದರು. ಬೆಲೆ ಏರಿತು. ಅಮೆರಿಕದ ಫೈರ್‌ಸ್ಟೋನ್ ಲೈಬೀರಿಯಾದಲ್ಲಿ, ಫೋರ್ಡ್ ಬ್ರೆಜಿಲಿನ ಕಾಡಿನಲ್ಲಿ ಸ್ವಂತ ತೋಟ ಮಾಡಲು ಹೊರಟದ್ದು ಈ ಸಿಟ್ಟಿನಿಂದ. ಸಾಮಾನ್ಯ ಮಾಲೀಕನಿಗೆ ತೋಟ ಮಾಡುವ ಶಕ್ತಿ ಎಲ್ಲಿಯದು? ಅವನು ಇರುವ ಟೈರನ್ನೇ ಇನ್ನಷ್ಟು ದಿನ ಓಡಿಸುವ ದಾರಿ ಹಿಡಿದ. ಊರೂರಿನಲ್ಲಿ ವಲ್ಕನೈಸಿಂಗ್ ಅಂಗಡಿಗಳು ಎದ್ದವು. ಹರಿದ ಟೈರಿಗೆ ತೇಪೆ, ಸವೆದ ಟೈರಿಗೆ ಹೊಸ ಮೇಲ್ಮೈ ಹಾಕುವ, ಅಂದರೆ ರೀಟ್ರೆಡಿಂಗ್ ಮಾಡುವ ಕಸುಬು ನೆಲೆಯೂರಿತು.

ಈ ಕಸುಬಿಗೆ ಸರ್ಕಾರದ ಮನ್ನಣೆ ತಂದುಕೊಟ್ಟದ್ದು ಎರಡನೇ ಮಹಾಯುದ್ಧ. ಜಪಾನ್ 1942ರ ಮೊದಲ ತಿಂಗಳುಗಳಲ್ಲಿ ಮಲಯಾ, ಸಿಂಗಪುರ, ಡಚ್ಚರ ಈಸ್ಟ್ ಇಂಡೀಸ್‌ಗಳನ್ನು ಹಿಡಿದಾಗ ಜಗತ್ತಿನ ನೈಸರ್ಗಿಕ ರಬ್ಬರಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅದರ ವಶವಾಯಿತು. ಅಮೆರಿಕದಲ್ಲಿ ಯುದ್ಧಕಾಲದ ಪಡಿತರಕ್ಕೆ ಮೊದಲು ಸೇರಿದ ವಸ್ತು ಸಕ್ಕರೆಯಲ್ಲ, ಮಾಂಸವಲ್ಲ, ಟೈರು. 1942ರ ಜನವರಿಯಿಂದ ಹೊಸ ಟೈರು ಬೇಕಾದವರು ಸ್ಥಳೀಯ ಮಂಡಲಿಯ ಮುಂದೆ ತಮ್ಮ ಅಗತ್ಯವನ್ನು ಸಾಬೀತುಪಡಿಸಿ ಪರವಾನಗಿ ಪಡೆಯಬೇಕಿತ್ತು. ವೈದ್ಯರಿಗೆ, ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಅಗತ್ಯ ಸರಕಿನ ಲಾರಿಗಳಿಗೆ ಆದ್ಯತೆಯಿತ್ತು. ಮನೆಬಾಗಿಲಿಗೆ ಸಾಮಾನು ಒಯ್ಯುವ ಅಂಗಡಿ ಗಾಡಿಗಳಿಗೆ ಇರಲಿಲ್ಲ. ಒಂದು ಕಾರಿಗೆ ಐದು ಟೈರಿಗಿಂತ ಹೆಚ್ಚು ಇಟ್ಟುಕೊಂಡವರು ಮಿಕ್ಕದ್ದನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಟೈರು ಸವೆಯದಿರಲೆಂದು ದೇಶಾದ್ಯಂತ ಗಂಟೆಗೆ 35 ಮೈಲಿಯ ವೇಗಮಿತಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಪೆಟ್ರೋಲಿಗೂ ದೇಶವ್ಯಾಪಿ ಪಡಿತರ ಬಂತು. ಪೆಟ್ರೋಲ್ ಬೇಕಾದಷ್ಟಿದ್ದ ರಾಜ್ಯಗಳಿಗೂ ಅದು ಅನ್ವಯವಾಯಿತು, ಏಕೆಂದರೆ ಉಳಿಸಬೇಕಾಗಿದ್ದುದು ರಬ್ಬರನ್ನು.

ಕೊರತೆಯ ಈ ವರ್ಷಗಳಲ್ಲಿ ಜನ ಟೈರಿನ ಬಗ್ಗೆ ಕಲಿತದ್ದು ಶಾಂತಿಕಾಲದ ಯಾವ ಜಾಹೀರಾತಿನಿಂದಲೂ ಕಲಿಯಲು ಆಗುತ್ತಿರಲಿಲ್ಲ. ಗಾಳಿ ಕಡಿಮೆಯಿದ್ದರೆ ಎರಡೂ ಅಂಚುಗಳು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ. ಚಕ್ರದ ಜೋಡಣೆ ವಾಲಿದ್ದರೆ ಒಂದೇ ಬದಿ ತಿನ್ನುತ್ತದೆ. ಮುಂದಿನ ಚಕ್ರವನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಆಗಾಗ ಬದಲಿಸಿದರೆ ಎಲ್ಲವೂ ಸಮನಾಗಿ ಸವೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಎಳೆ ಕಾಣುವವರೆಗೆ ಓಡಿಸಿದ ಟೈರು ರೀಟ್ರೆಡಿಂಗಿಗೆ ಬಾರದು. ಸ್ವಲ್ಪ ಮೊದಲೇ ಬಿಚ್ಚಿದರೆ ಅದಕ್ಕೆ ಇನ್ನೊಂದು ಜನ್ಮವಿದೆ. ಕೊನೆಯ ಸಾವಿರ ಕಿಲೋಮೀಟರಿನ ಆಸೆಗೆ ಇಡೀ ಕೇಸಿಂಗ್ ಕಳೆದುಕೊಳ್ಳುವ ತಪ್ಪು ಇಂದಿಗೂ ನಡೆಯುತ್ತಿದೆ. ಟೈರಿನ ಲೆಕ್ಕದಲ್ಲಿ ಇದಕ್ಕಿಂತ ದುಬಾರಿ ತಪ್ಪು ಮತ್ತೊಂದಿಲ್ಲ.

ಭಾರತದಲ್ಲೂ ಯುದ್ಧದ ಬಿಸಿ ತಟ್ಟಿತು. ಡನ್‌ಲಪ್ 1936ರಲ್ಲಿ ಬಂಗಾಳದ ಸಹಾಗಂಜಿನಲ್ಲಿ ಕಾರ್ಖಾನೆ ತೆರೆದಿತ್ತು. ಕೆಲವೇ ವರ್ಷಗಳ ಬಳಿಕ ಫೈರ್‌ಸ್ಟೋನ್ ಮುಂಬಯಿಯಲ್ಲಿ ತಯಾರಿಕೆ ಶುರುಮಾಡಿತ್ತು. ಎರಡರ ಉತ್ಪನ್ನವೂ ಮೊದಲು ಸೈನ್ಯಕ್ಕೆ ಸಲ್ಲಬೇಕಾಯಿತು. ಮೈಸೂರು ಸೀಮೆಯ ರಸ್ತೆಗಳಲ್ಲಿ ಬಸ್ಸುಗಳು ಹಿಂಬದಿಗೆ ಒಲೆ ಕಟ್ಟಿಕೊಂಡು ಇದ್ದಿಲ ಅನಿಲದಲ್ಲಿ ಓಡಿದ ದಿನಗಳವು. ಪೆಟ್ರೋಲಿಗೆ ಇದ್ದಿಲು ಬದಲಿಯಾಯಿತು, ಟೈರಿಗೆ ಬದಲಿ ವಸ್ತುವೇ ಇರಲಿಲ್ಲ. ಹಳೆಯದಕ್ಕೆ ತೇಪೆ ಹಾಕುವುದು, ಒಳಗೆ ಇನ್ನೊಂದು ಟೈರಿನ ತುಂಡು ಕೊಟ್ಟು ಓಡಿಸುವುದು ಅನಿವಾರ್ಯವಾಗಿತ್ತು.

ಸ್ವಾತಂತ್ರ್ಯ ಬಂದಮೇಲೂ ಕೊರತೆ ನೀಗಲಿಲ್ಲ. ಆಮದಿಗೆ ಕಡಿವಾಣ, ಹೊಸ ಕಾರ್ಖಾನೆಗೆ ಲೈಸೆನ್ಸು, ತಯಾರಕರು ಬೆರಳೆಣಿಕೆಯಷ್ಟು. ಲಾರಿಗಳ ಸಂಖ್ಯೆ ಮಾತ್ರ ಏರುತ್ತಿತ್ತು. ಭಾರತದ ಟೈರು ಉದ್ಯಮದ ಅತಿ ದೊಡ್ಡ ಕಂಪನಿಯೊಂದು ಹುಟ್ಟಿದ್ದು ಹೊಸ ಟೈರಿನಿಂದಲ್ಲ, ಹಳೆಯ ಟೈರಿಗೆ ಹಾಕುವ ರಬ್ಬರಿನಿಂದ ಎಂಬುದು ಈ ಹಿನ್ನೆಲೆಯಲ್ಲಿ ಅಚ್ಚರಿಯಲ್ಲ. ಕೆ. ಎಂ. ಮಾಮ್ಮನ್ ಮಾಪ್ಪಿಳ್ಳೈ ಅವರು 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಆಟದ ಬಲೂನು ಮಾಡುವ ಚಿಕ್ಕ ಶೆಡ್ಡು ಹಾಕಿದರು. 1952ರಲ್ಲಿ ಅವರ ಮದ್ರಾಸ್ ರಬ್ಬರ್ ಫ್ಯಾಕ್ಟರಿ ರೀಟ್ರೆಡಿಂಗಿಗೆ ಬೇಕಾದ ಟ್ರೆಡ್ ರಬ್ಬರ್ ತಯಾರಿಕೆಗೆ ಇಳಿಯಿತು. ಆವರೆಗೆ ಆ ಮಾರುಕಟ್ಟೆ ವಿದೇಶಿ ಕಂಪನಿಗಳದ್ದು. ನಾಲ್ಕೇ ವರ್ಷಗಳಲ್ಲಿ ದೇಶದ ಟ್ರೆಡ್ ರಬ್ಬರಿನ ಸುಮಾರು ಅರ್ಧ ಮಾರುಕಟ್ಟೆ ಅವರದಾಯಿತು. ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ನೆರವಿನಿಂದ ಅವರು ಹೊಸ ಟೈರು ಮಾಡಲು ಕೈಹಾಕಿದ್ದು 1960ರ ದಶಕದ ಆರಂಭದಲ್ಲಿ. ಎಂಆರ್‌ಎಫ್ ಎಂಬ ಹೆಸರಿನ ಹಿಂದೆ ಹೆದ್ದಾರಿ ಬದಿಯ ಸಾವಿರಾರು ರೀಟ್ರೆಡಿಂಗ್ ಅಂಗಡಿಗಳ ಬೆವರಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಆ ಅಂಗಡಿಗಳ ಕೆಲಸ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದಂತೆ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಅದರ ಸೂಕ್ಷ್ಮಗಳು ಹಲವು. ಬಂದ ಟೈರನ್ನು ಮೊದಲು ಅಗಲಿಸಿ, ಒಳಗೆ ದೀಪ ಹಿಡಿದು, ಅಂಗೈ ಆಡಿಸಿ ನೋಡುತ್ತಾರೆ. ಮೊಳೆ ಹೊಕ್ಕ ತೂತು ಇದೆಯೇ, ಪದರಗಳ ನಡುವೆ ಗುಳ್ಳೆ ಎದ್ದಿದೆಯೇ, ಎಳೆ ಕಡಿದಿದೆಯೇ ಎಂಬುದನ್ನು ಅನುಭವವಿರುವ ಕೈ ಹೇಳಬಲ್ಲದು. ಇಲ್ಲಿ ಕಣ್ತಪ್ಪಿದರೆ ಮುಂದಿನ ದುಡಿಮೆಯೆಲ್ಲ ನೀರುಪಾಲು. ಆಮೇಲೆ ಸವೆದ ಬಟನ್‌ಗಳನ್ನು, ಅಂದರೆ ನೆಲ ಮುಟ್ಟುವ ಮೇಲ್ಮೈಯ ಉಬ್ಬುಗಳನ್ನು, ಬಫಿಂಗ್ ಯಂತ್ರಕ್ಕೆ ಕೊಟ್ಟು ತರಿದು ಮೇಲ್ಮೈಯನ್ನು ಒರಟು ಮಾಡುತ್ತಾರೆ. ಗಾಯಗಳಿಗೆ ತೇಪೆ ಕೂರಿಸಿ, ರಬ್ಬರ್ ಸಲ್ಯೂಷನ್ ಬಳಿದು, ಒಣಗಿಸುತ್ತಾರೆ. ಹಳೆಯ ಕ್ರಮದಲ್ಲಿ ಹಸಿ ರಬ್ಬರಿನ ದಪ್ಪ ಪಟ್ಟಿಯನ್ನು ಸುತ್ತಿ, ಬಟನ್ ಕೊರೆದ ಕಬ್ಬಿಣದ ಅಚ್ಚಿನೊಳಗಿಟ್ಟು, ಬಾಯ್ಲರಿನ ಹಬೆ ಹಾಯಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ರಬ್ಬರು ಬೆಂದು ಗಟ್ಟಿಯಾಗುವಾಗಲೇ ಬಟನ್ ಮೂಡುತ್ತದೆ. ಈ ಕ್ರಮದ ಕೊರತೆ ಎಂದರೆ ಹೊಸ ರಬ್ಬರಿನ ಜೊತೆ ಹಳೆಯ ಒಡಲೂ ಮತ್ತೊಮ್ಮೆ ಬೇಯುತ್ತದೆ. ಪ್ರತಿ ಸಲದ ಶಾಖಕ್ಕೂ ಒಡಲಿನ ಎಳೆ ಸ್ವಲ್ಪ ಸ್ವಲ್ಪ ಸೋಲುತ್ತದೆ.

ಇದಕ್ಕೆ ಪರಿಹಾರ ಜರ್ಮನಿಯಿಂದ ಬಂತು. ಬರ್ನ್‌ಹಾರ್ಡ್ ನೊವಾಕ್ ರೂಪಿಸಿದ ವಿಧಾನದಲ್ಲಿ ಬಟನ್ ಇರುವ ಪಟ್ಟಿಯನ್ನು ಕಾರ್ಖಾನೆಯಲ್ಲಿ ಮೊದಲೇ ಬೇಯಿಸಿ ಸಿದ್ಧಪಡಿಸಿರುತ್ತಾರೆ. ಅಂಗಡಿಯಲ್ಲಿ ಅದನ್ನು ತೆಳುವಾದ ಹಸಿ ರಬ್ಬರಿನ ಪದರದ ಮೇಲೆ ಅಂಟಿಸಿ, ಟೈರಿಗೆ ರಬ್ಬರಿನ ಹೊದಿಕೆ ತೊಡಿಸಿ, ಒತ್ತಡದ ಕೋಣೆಯಲ್ಲಿ ಸುಮಾರು 100 ಡಿಗ್ರಿಯಲ್ಲಿ ಬೆಸೆದರೆ ಸಾಕು. ಅಮೆರಿಕದ ಅಯೋವಾ ರಾಜ್ಯದ ರಾಯ್ ಕಾರ್ವರ್ 1957ರಲ್ಲಿ ಇದರ ಹಕ್ಕು ಪಡೆದು ಬ್ಯಾಂಡ್ಯಾಗ್ ಹೆಸರಿನಲ್ಲಿ ಮಸ್ಕಟೀನ್ ಊರಿನಿಂದ ಹಬ್ಬಿಸಿದ. ಭಾರತದಲ್ಲಿ ಇದು ಕೋಲ್ಡ್ ಪ್ರೋಸೆಸ್ ಎಂಬ ಹೆಸರಿನಲ್ಲಿ 1970ರ ದಶಕದಿಂದೀಚೆಗೆ ಬೇರೂರಿತು. ಇಂಡ್ಯಾಗ್, ಎಂಆರ್‌ಎಫ್, ಕೊಯಮತ್ತೂರಿನ ಎಲ್ಜಿ ಮೊದಲಾದ ಹೆಸರುಗಳ ಫಲಕ ಊರೂರಿನ ರೀಟ್ರೆಡಿಂಗ್ ಅಂಗಡಿಗಳ ಮೇಲೆ ಬಂತು. ಒಡಲಿಗೆ ಶಾಖ ಕಡಿಮೆ ತಗಲುವುದರಿಂದ ಒಳ್ಳೆಯ ಕೇಸಿಂಗಿಗೆ ಎರಡು ಮೂರು ಸಲ ರೀಟ್ರೆಡ್ ಮಾಡಿಸಬಹುದು ಎಂಬ ಧೈರ್ಯ ಲಾರಿ ಮಾಲೀಕರಿಗೆ ಬಂತು. ಒಂದು ಟೈರಿನ ಒಟ್ಟು ಸಾಮಗ್ರಿಯಲ್ಲಿ ಸವೆದುಹೋಗುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಅಷ್ಟನ್ನೇ ತುಂಬಿಕೊಟ್ಟರೆ ಹೊಸ ಟೈರಿನ ಬೆಲೆಯ ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿ ಇನ್ನೊಂದು ಟೈರು ಸಿಕ್ಕಂತಾಗುತ್ತದೆ.

ಈ ಲೆಕ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದವು ಸಾರಿಗೆ ನಿಗಮಗಳು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಆರಂಭವಾಗಿ 1961ರಲ್ಲಿ ನಿಗಮವಾಯಿತು. ಅದರಿಂದ ಬೆಳೆದ ಕೆಎಸ್‌ಆರ್‌ಟಿಸಿ ತನ್ನದೇ ರೀಟ್ರೆಡಿಂಗ್ ಘಟಕಗಳನ್ನು ಇಟ್ಟುಕೊಂಡು ಬಂದಿದೆ. ಪ್ರತಿ ಟೈರಿಗೂ ಸಂಖ್ಯೆ, ಆ ಸಂಖ್ಯೆಗೆ ಒಂದು ಜಾತಕ: ಯಾವ ಬಸ್ಸಿಗೆ, ಯಾವ ಚಕ್ರಕ್ಕೆ, ಎಂದು ಹಾಕಿದ್ದು, ಎಷ್ಟು ಓಡಿದೆ, ಎಷ್ಟು ಸಲ ರೀಟ್ರೆಡ್ ಆಗಿದೆ. ಹೊಸ ಟೈರು ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ, ರೀಟ್ರೆಡ್ ಆದದ್ದು ಹಿಂದಿನ ಜೋಡಿ ಚಕ್ರಕ್ಕೆ. ಮುಂದಿನ ಟೈರು ಒಡೆದರೆ ಸ್ಟೇರಿಂಗ್ ಕೈತಪ್ಪುತ್ತದೆ, ಹಿಂದಿನ ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ತಡೆದು ನಿಲ್ಲಿಸುತ್ತದೆ ಎಂಬುದು ಇದರ ಹಿಂದಿರುವ ವಿವೇಕ. ಖಾಸಗಿ ಮಾಲೀಕರಲ್ಲಿ ಇಂಥ ದಾಖಲೆ ಇಟ್ಟವರು ಕಡಿಮೆ. ಇಟ್ಟವರು ಯಾವ ಕಂಪನಿಯ ಟೈರು ತಮ್ಮ ದಾರಿಗೆ ಒಗ್ಗುತ್ತದೆ ಎಂಬುದನ್ನು ಮಾರಾಟಗಾರನನ್ನು ಕೇಳದೆಯೇ ಬಲ್ಲವರಾಗಿದ್ದರು.

ಕೇಸಿಂಗಿನ ಚರಿತ್ರೆಯಲ್ಲಿ ಮುಂದಿನ ತಿರುವು ರೇಡಿಯಲ್ ಟೈರು. ಹತ್ತಿಯ ಎಳೆಗೆ ಬದಲಾಗಿ ರೇಯಾನ್, ಅದಕ್ಕೆ ಬದಲಾಗಿ ನೈಲಾನ್ ಬಂದರೂ ಎಳೆಗಳನ್ನು ಓರೆಯಾಗಿ ಅಡ್ಡಡ್ಡ ಹಾಸುವ ಕ್ರಮ ಹಾಗೆಯೇ ಇತ್ತು. ಭಾರತದ ರಸ್ತೆಯಲ್ಲಿ ಇಂದಿಗೂ ಅದನ್ನು ನೈಲಾನ್ ಟೈರು ಎಂದೇ ಕರೆಯುತ್ತಾರೆ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟಿಗೆ ಒಪ್ಪಿಸಿದ ವಿನ್ಯಾಸದಲ್ಲಿ ಒಡಲಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ಅವುಗಳ ಮೇಲೆ ಬಟನ್‌ನ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ. ಪಕ್ಕದ ಗೋಡೆ ಮೆತ್ತಗೆ ಬಾಗುತ್ತದೆ, ನೆಲ ಮುಟ್ಟುವ ಭಾಗ ಚಪ್ಪಟೆಯಾಗಿ ಗಟ್ಟಿ ನಿಲ್ಲುತ್ತದೆ. ಪದರಗಳ ತಿಕ್ಕಾಟ ಕಡಿಮೆ, ಬಿಸಿಯೂ ಕಡಿಮೆ. ಹೀಗಾಗಿ ಟೈರು ಹೆಚ್ಚು ಓಡುತ್ತದೆ, ಇಂಧನವೂ ಉಳಿಯುತ್ತದೆ. 1950ರ ದಶಕದಲ್ಲೇ ಯೂರೋಪಿನ ಲಾರಿಗಳಿಗೆ ಬಂದ ಈ ಟೈರನ್ನು ಅಮೆರಿಕ ಒಪ್ಪಿದ್ದು 1970ರ ದಶಕದ ಪೆಟ್ರೋಲ್ ಬಿಕ್ಕಟ್ಟು ಕಲಿಸಿದ ಮೇಲೆ.

ಭಾರತದಲ್ಲಿ ಲಾರಿಯ ರೇಡಿಯಲ್ಲಿಗೆ ಮೈಸೂರಿನ ನಂಟಿದೆ. ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ ಕೆಆರ್‌ಎಸ್ ರಸ್ತೆಯ ಬದಿ ಸ್ಥಾಪನೆಯಾದ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಸಮೂಹದ ಕೈಸೇರಿತು. 1990ರ ದಶಕದ ಕೊನೆಯಲ್ಲಿ ಅಲ್ಲಿಂದ ಲಾರಿ ಮತ್ತು ಬಸ್ಸುಗಳ ರೇಡಿಯಲ್ ಟೈರು ಹೊರಬರತೊಡಗಿತು. ಕಾರಿನವರು ಅಷ್ಟರಲ್ಲಾಗಲೇ ರೇಡಿಯಲ್ಲಿಗೆ ಹೊರಳಿದ್ದರೂ ಲಾರಿಯವರು ಮಾತ್ರ ಬಹುಕಾಲ ಅನುಮಾನಿಸಿದರು. ಅದಕ್ಕೆ ಗಟ್ಟಿಯಾದ ಕಾರಣಗಳಿದ್ದವು. ಒಂದೂವರೆ ಪಟ್ಟು ಹೊರೆ ಹೇರುವ ರೂಢಿಗೆ ನೈಲಾನ್ ಟೈರಿನ ದಪ್ಪ ಗೋಡೆ ಹೆಗಲು ಕೊಡುತ್ತಿತ್ತು, ರೇಡಿಯಲ್ಲಿನ ಮೆತ್ತನೆಯ ಗೋಡೆ ಬಿರಿಯುತ್ತಿತ್ತು. ಗಣಿ ದಾರಿಯ ಕಲ್ಲು ಅದನ್ನು ಕೊಯ್ಯುತ್ತಿತ್ತು. ನೈಲಾನ್ ಟೈರನ್ನು ಯಾವ ಪಂಚರ್ ಅಂಗಡಿಯವನೂ ದುರಸ್ತಿ ಮಾಡಬಲ್ಲವನಾಗಿದ್ದ, ಉಕ್ಕಿನ ತಂತಿ ಕಡಿದ ರೇಡಿಯಲ್ಲಿಗೆ ಬೇರೆ ಕೌಶಲ ಬೇಕಿತ್ತು. ನಾಲ್ಕು ಪಥದ ಹೆದ್ದಾರಿಗಳು ಬಂದು ಹೊರೆಯ ಮಿತಿ ಬಿಗಿಯಾದ ಮೇಲೆ ಲೆಕ್ಕ ತಿರುಗಿತು. ಚೀನಾದಿಂದ ಅಗ್ಗದ ರೇಡಿಯಲ್ ಹರಿದುಬಂದು ಒಂದು ಕಾಲದಲ್ಲಿ ನೈಲಾನಿನ ಬೆಲೆಗೇ ಸಿಗತೊಡಗಿತು. ಅದರಿಂದ ಏಟು ತಿಂದವರು ಹೊಸ ಟೈರು ತಯಾರಕರು ಮಾತ್ರವಲ್ಲ. ಹೊಸದೇ ಇಷ್ಟು ಅಗ್ಗವಾದಾಗ ರೀಟ್ರೆಡ್ ಮಾಡಿಸುವವರು ಯಾರು? ಎಷ್ಟೋ ಸಣ್ಣ ರೀಟ್ರೆಡಿಂಗ್ ಅಂಗಡಿಗಳು ಬಾಗಿಲು ಹಾಕಿದವು. ಸರ್ಕಾರ 2017ರಲ್ಲಿ ಆ ಟೈರುಗಳ ಮೇಲೆ ಆಂಟಿ ಡಂಪಿಂಗ್ ಸುಂಕ ವಿಧಿಸಿತು. 2020ರಲ್ಲಿ ಹೊಸ ಟೈರುಗಳ ಆಮದಿಗೇ ಪರವಾನಗಿ ಕಡ್ಡಾಯ ಮಾಡಿತು.

ಸಣ್ಣ ಸರಕು ಗಾಡಿಗಳ ಕಥೆ ಇದರ ಬದಿಯಲ್ಲೇ ಬೆಳೆದದ್ದು. 1986ರ ಟಾಟಾ 407, ಆ ದಶಕದ ಕೊನೆಯಲ್ಲಿ ಬಂದ ಟಾಟಾದ ಪಿಕಪ್, ಮಹೀಂದ್ರದ ಪಿಕಪ್‌ಗಳು, 2005ರಲ್ಲಿ ಬಂದ ಟಾಟಾ ಏಸ್ ಒಂದರ ಹಿಂದೆ ಒಂದು ಹಳ್ಳಿಯ ಸಂತೆಗೂ ನಗರದ ಮಾರುಕಟ್ಟೆಗೂ ನಡುವಿನ ದಾರಿ ತುಂಬಿದವು. ಕೋಲಾರದ ಟೊಮೆಟೊ, ಮಲೆನಾಡಿನ ಅಡಿಕೆ, ಕರಾವಳಿಯ ಮೀನು ಇವುಗಳ ಮೇಲೆಯೇ ಸಾಗುತ್ತವೆ. ಏಸ್‌ನ ಚಕ್ರ 12 ಇಂಚಿನದು. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಹಾಕುವುದರಿಂದ ಬೇಗ ಸವೆಯುತ್ತದೆ. ಟೈರಿನ ಬೆಲೆಯೂ ಕಡಿಮೆಯಾದ್ದರಿಂದ ರೀಟ್ರೆಡಿಂಗಿನಲ್ಲಿ ಲಾರಿಯವನಿಗೆ ಸಿಗುವಷ್ಟು ಲಾಭ ಇಲ್ಲಿ ಇಲ್ಲ. ಹೀಗಾಗಿ ಪಿಕಪ್ ಮಾಲೀಕನ ಉಳಿತಾಯವೆಲ್ಲ ಹೊಸ ಟೈರು ಆರಿಸುವ ಹೊತ್ತಿನಲ್ಲಿ ಮತ್ತು ಗಾಳಿ ನೋಡಿಕೊಳ್ಳುವ ಶಿಸ್ತಿನಲ್ಲಿ ನಿಂತಿದೆ.

ಆರಿಸುವವನಿಗೆ ಬೇಕಾದ ಮಾಹಿತಿ ಟೈರಿನ ಗೋಡೆಯ ಮೇಲೆಯೇ ಅಚ್ಚಾಗಿರುತ್ತದೆ. ಈ ಬರಹ ಬಂದ ದಾರಿಯೂ ದೀರ್ಘವಾದದ್ದು. ಪ್ಲೈ ರೇಟಿಂಗ್ ಎಂಬುದು ಹತ್ತಿ ಬಟ್ಟೆಯ ಪದರ ಎಣಿಸುತ್ತಿದ್ದ ಕಾಲದ್ದು. ಇಂದು 8 ಪಿಆರ್ ಎಂದು ಬರೆದ ಟೈರಿನಲ್ಲಿ ಎಂಟು ಪದರ ಇರುವುದಿಲ್ಲ, ಎಂಟು ಹತ್ತಿ ಪದರಗಳಿಗೆ ಸಮನಾದ ಬಲ ಇರುತ್ತದೆ. ಎಲ್‌ಟಿ ಎಂಬ ಅಕ್ಷರಗಳು ಲಘು ಸರಕು ವಾಹನದ ಟೈರು ಎಂಬುದರ ಗುರುತು. ಒಂದೇ ಅಳತೆಯ ಕಾರಿನ ಟೈರು ಅದಕ್ಕಿಂತ ಅಗ್ಗಕ್ಕೆ ಸಿಕ್ಕರೂ ಹೊರೆ ಹೊತ್ತಾಗ ಅದು ಬಿಸಿಯೇರಿ ಒಡೆಯುವ ಅಪಾಯ ಹೆಚ್ಚು. ಅಮೆರಿಕದಲ್ಲಿ ಖಾಲಿ ಓಡುವ ಪಿಕಪ್‌ಗಳಿಗೆ ಕಾರಿನ ವರ್ಗದ ಟೈರು ಹಾಕುವುದು ವಾಡಿಕೆ. ಅಲ್ಲಿಯೂ ಅಂಥ ಟೈರಿನ ಹೊರೆಯ ಸಾಮರ್ಥ್ಯವನ್ನು 1.1ರಿಂದ ಭಾಗಿಸಿ ಲೆಕ್ಕ ಹಿಡಿಯಬೇಕೆಂಬ ನಿಯಮವಿದೆ. 1970ರ ದಶಕದ ಕೊನೆಯಿಂದ ಅಲ್ಲಿ ಕಾರಿನ ಟೈರುಗಳ ಮೇಲೆ ಸವೆತದ ದರ್ಜೆಯನ್ನು ಅಂಕಿಯಲ್ಲಿ ಮುದ್ರಿಸುವುದು ಕಡ್ಡಾಯವಾಯಿತು. ಎಲ್‌ಟಿ ಟೈರುಗಳಿಗೆ ಆ ಕಾನೂನು ಅನ್ವಯಿಸಲಿಲ್ಲ. ಹೆಚ್ಚು ದುಡಿಯುವ ಗಾಡಿಯ ಒಡೆಯನಿಗೇ ಕಡಿಮೆ ಮಾಹಿತಿ ಸಿಕ್ಕಿದ್ದು ನ್ಯಾಯವಾದ ಏರ್ಪಾಟಲ್ಲ. ತಯಾರಾದ ದಿನಾಂಕ ಮಾತ್ರ ಎಲ್ಲ ಟೈರುಗಳ ಮೇಲೂ ಇದೆ. 2000ದಿಂದೀಚೆಗೆ ಅದು ನಾಲ್ಕು ಅಂಕಿಗಳದು, ಮೊದಲ ಎರಡು ವಾರಕ್ಕೆ, ಕೊನೆಯ ಎರಡು ವರ್ಷಕ್ಕೆ. 3224 ಎಂದಿದ್ದರೆ 2024ರ 32ನೇ ವಾರ. ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ಟೈರನ್ನು ರಿಯಾಯಿತಿಯ ಹೆಸರಿನಲ್ಲಿ ಕೊಡುವ ಅಂಗಡಿಯಲ್ಲಿ ಗಿರಾಕಿಯ ಕೈಹಿಡಿಯುವುದು ಈ ನಾಲ್ಕು ಅಂಕಿ.

ಅಗ್ಗದ ಟೈರು ಮತ್ತು ಅಗ್ಗವಾಗಿ ಬೀಳುವ ಟೈರಿನ ವ್ಯತ್ಯಾಸ ಒಂದು ಲೆಕ್ಕದಿಂದ ತಿಳಿಯುತ್ತದೆ. 8,000 ರೂಪಾಯಿಯ ಟೈರು 40,000 ಕಿಲೋಮೀಟರ್ ಓಡಿತು ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 20 ಪೈಸೆ ಬಿತ್ತು. 6,000 ರೂಪಾಯಿಯದು 24,000ಕ್ಕೇ ಸವೆದರೆ 25 ಪೈಸೆ. ಅಂಗಡಿಯಲ್ಲಿ ಉಳಿದ 2,000 ರೂಪಾಯಿ ರಸ್ತೆಯಲ್ಲಿ ಕಳೆದುಹೋಯಿತು. ಎಲ್ಲಿಯವರೆಗೆ ಓಡಿಸಬಹುದು ಎಂಬುದಕ್ಕೂ ಕಾನೂನಿನ ಗೆರೆಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಾಲ್ಕು ಚಕ್ರದ ವಾಹನದ ಟೈರಿನ ಮೇಲ್ಮೈಯ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು.

ಬೆಲೆಯ ಏರಿಳಿತದಲ್ಲಿ ಮಾಲೀಕನ ಕೈಮೀರಿದ ಸಂಗತಿಗಳೂ ಇವೆ. ಲಾರಿ ಮತ್ತು ಪಿಕಪ್ ಟೈರುಗಳಲ್ಲಿ ನೈಸರ್ಗಿಕ ರಬ್ಬರಿನ ಪಾಲು ಕಾರಿನ ಟೈರಿಗಿಂತ ಹೆಚ್ಚು. ಕೇರಳದ ಮಾರುಕಟ್ಟೆಯಲ್ಲಿ 2011ರಲ್ಲಿ ರಬ್ಬರಿನ ಬೆಲೆ ಕಿಲೋಗೆ 240 ರೂಪಾಯಿಯ ಆಸುಪಾಸಿಗೆ ಏರಿದಾಗ ಟೈರಿನ ಬೆಲೆಯೂ ಏರಿತು. ಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ನೆಲೆ ಕೊಟ್ಟ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೂ, ದಕ್ಷಿಣ ಕನ್ನಡದ ಸಣ್ಣ ಬೆಳೆಗಾರರಿಗೂ ಅದು ಒಳ್ಳೆಯ ಕಾಲ. ಆ ಬಳಿಕ ರಬ್ಬರು ಕುಸಿದಾಗ ಬೆಳೆಗಾರನ ಬೆಲೆ ಇಳಿದಷ್ಟು ಬೇಗ ಟೈರಿನ ಬೆಲೆ ಇಳಿಯಲಿಲ್ಲ. ಲಾರಿ ಮತ್ತು ಬಸ್ಸುಗಳ ನೈಲಾನ್ ಟೈರಿನ ಬೆಲೆಯನ್ನು 2011-12ರಲ್ಲಿ ಒಳಒಪ್ಪಂದದಿಂದ ಏರಿಸಿದರೆಂದು ಭಾರತೀಯ ಸ್ಪರ್ಧಾ ಆಯೋಗ ಐದು ಕಂಪನಿಗಳಿಗೂ ಅವುಗಳ ಸಂಘಕ್ಕೂ 2018ರಲ್ಲಿ ದಂಡ ವಿಧಿಸಿತು. ಆ ಆದೇಶ 2022ರಲ್ಲಿ ಪ್ರಕಟವಾಯಿತು. ಕಂಪನಿಗಳ ಮೇಲಿನ ದಂಡದ ಒಟ್ಟು ಮೊತ್ತ 1,788 ಕೋಟಿ ರೂಪಾಯಿ. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಪ್ರಕರಣವನ್ನು ಮರುಪರಿಶೀಲನೆಗೆ ಹಿಂದಿರುಗಿಸಿತು. ತೆರಿಗೆಯ ಕಡೆಯಿಂದ ಸಿಕ್ಕ ಬಿಡುವು ಈಚಿನದು: 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು.

ರೀಟ್ರೆಡಿಂಗಿಗೂ ಬಾರದ ಟೈರನ್ನು ನಾಡಿನ ಜನ ಎಂದೂ ಬಿಸಾಡಿದವರಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊತ್ತ ಎತ್ತಿನ ಟೈರುಗಾಡಿಗಳ ಕೆಳಗೆ ಎಷ್ಟೋ ಲಾರಿ, ಜೀಪುಗಳ ಹಳೆಯ ಟೈರುಗಳು ಇನ್ನೂ ಹಲವು ವರ್ಷ ಉರುಳಿದವು. ಕಬ್ಬಿಣದ ಪಟ್ಟಿಯ ಮರದ ಗಾಲಿಗಿಂತ ಎತ್ತಿಗೆ ಎಳೆಯಲು ಹಗುರ, ರಸ್ತೆಗೂ ಹಾನಿ ಕಡಿಮೆ. ಗೋಡೆಯ ತುಂಡು ಚಪ್ಪಲಿಯಾಯಿತು, ಟ್ಯೂಬು ಮೂಟೆ ಬಿಗಿಯುವ ಪಟ್ಟಿಯಾಯಿತು. ಉಕ್ಕಿನ ತಂತಿಯ ರೇಡಿಯಲ್ ಬಂದಮೇಲೆ ಚಪ್ಪಲಿ ಹೊಲಿಯುವವರಿಗೆ ಅದನ್ನು ಕೊಯ್ಯುವುದೇ ಕಷ್ಟವಾಗಿ ಈ ಮರುಬಳಕೆ ಕುಗ್ಗಿತು. ಹಳೆಯ ಟೈರು ಇಟ್ಟಿಗೆ ಗೂಡುಗಳಲ್ಲಿ, ಎಣ್ಣೆ ತೆಗೆಯುವ ಘಟಕಗಳಲ್ಲಿ ಉರಿದು ಗಾಳಿ ಕೆಡಿಸತೊಡಗಿತು. ಕೇಂದ್ರ ಪರಿಸರ ಸಚಿವಾಲಯ 2022ರ ಜುಲೈನಲ್ಲಿ ಹೊರಡಿಸಿದ ನಿಯಮಗಳು ಟೈರು ತಯಾರಕರೂ ಆಮದುದಾರರೂ ತಾವು ಮಾರುಕಟ್ಟೆಗೆ ಬಿಟ್ಟ ಟೈರುಗಳ ವಿಲೇವಾರಿಯ ಹೊಣೆ ಹೊರಬೇಕೆಂದು ವಿಧಿಸಿದವು. ನೋಂದಾಯಿತ ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಂಡು ಅವರು ಆ ಹೊಣೆ ತೀರಿಸುತ್ತಾರೆ. ಟೈರು ರೀಟ್ರೆಡ್ ಆಗಿದ್ದರೆ ಅದಕ್ಕೂ ಪ್ರತ್ಯೇಕ ಪ್ರಮಾಣಪತ್ರವಿದ್ದು, ಆ ಪ್ರಮಾಣದ ಟೈರಿನ ಮಟ್ಟಿಗೆ ತಯಾರಕನ ಹೊಣೆಯ ಗಡುವು ಮುಂದಕ್ಕೆ ಹೋಗುತ್ತದೆ.